ಸಹಾಯ ಬೇಕು: ತಮ್ಮನ ಎದೆ ಉಬ್ಬಿದ್ದಕ್ಕೆ ಯಾವ ಆಪರೇಷನ್ ಮಾಡಿಸೋದು?

ಎಲ್ಲರಿಗೂ ನಮಸ್ಕಾರ, ನಾವು ಬದಿಯಡ್ಕ ಹತ್ರದವರು. ತಮ್ಮನಿಗೆ ಈಗ 22 ವರ್ಷ, ಹೈಸ್ಕೂಲಲ್ಲಿರುವಾಗ ಎರಡೂ ಬದಿ ಎದೆ ಉಬ್ಬಿದ್ದು ಇನ್ನೂ ಇಳೀಲಿಲ್ಲ. ಆ ಪ್ರಾಯದಲ್ಲಿ ಹುಡುಗರಿಗೆ ಇದು ಸಾಮಾನ್ಯ, ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತನ್ನಿಂದ ತಾನೇ ಹೋಗ್ತದೆ ಅಂದಿದ್ರು ಡಾಕ್ಟ್ರು, ಇವನಿಗೆ ಹೋಗ್ಲಿಲ್ಲ. ಜಿಮ್ಮಿಗೆ ಹೋಗಿ ತೂಕ ಇಳಿಸಿದ, ಹೊಟ್ಟೆ ಕರಗಿತು, ಎದೆ ಮಾತ್ರ ಹಾಗೇ ಉಂಟು. ದೇವಸ್ಥಾನದಲ್ಲಿ ಅಂಗಿ ತೆಗೀಬೇಕಲ್ಲ, ಅದಕ್ಕೇ ಜಾತ್ರೆಗೂ ಬರೋದಿಲ್ಲ ಪಾಪ, ನೋಡುವಾಗ ಕರುಳು ಚುರ್ ಅಂತದೆ.

ಮಂಗಳೂರಲ್ಲಿ ತೋರಿಸಿದೆವು, ಹಾರ್ಮೋನ್, ಥೈರಾಯ್ಡ್ ಎಲ್ಲ ನಾರ್ಮಲ್, ಸ್ಕ್ಯಾನಲ್ಲಿ ತೊಟ್ಟಿನ ಅಡಿಯಲ್ಲಿ ಗಟ್ಟಿ ಗ್ರಂಥಿ ಉಂಟು ಅಂತ ಬಂತು. ಒಬ್ಬ ಡಾಕ್ಟ್ರು ಸಣ್ಣ ತೂತು ಮಾಡಿ ಲೈಪೊಸಕ್ಷನ್ (ಕೊಳವೆ ಹಾಕಿ ಕೊಬ್ಬು ಹೀರಿ ತೆಗೆಯೋದು) ಮಾಡಿದ್ರೆ ಸಾಕು ಅಂತಾರೆ, ಇನ್ನೊಬ್ರು ಅದರಲ್ಲಿ ಕೊಬ್ಬು ಮಾತ್ರ ಬರೋದು, ಗ್ರಂಥಿಯನ್ನು ತೊಟ್ಟಿನ ಸುತ್ತಿನ ಕಪ್ಪು ಭಾಗದ ಅಂಚಲ್ಲಿ ಸ್ವಲ್ಪ ಕೊಯ್ದು ತೆಗೀಲೇಬೇಕು, ಇಲ್ಲಾಂದ್ರೆ ಉಬ್ಬು ಉಳೀತದೆ ಅಂತಾರೆ. ಯಾವುದು ಮಾಡಿದ್ರೂ ಆಮೇಲೆ ಕೆಲವು ವಾರ ಬಿಗಿ ಬನಿಯನ್ ಹಾಕ್ಬೇಕಂತೆ, ಅದಕ್ಕೆ ಅವನು ರೆಡಿ.

ಇಲ್ಲಿ ಬರೀಲಿಕ್ಕೆ ಸಂಕೋಚ ಆದ್ರೆ ಇನ್‌ಬಾಕ್ಸ್ ಮಾಡಿ. ಗಟ್ಟಿ ಗ್ರಂಥಿ ಇದ್ದೂ ಬರೀ ಲೈಪೊಸಕ್ಷನ್ ಮಾಡಿಸ್ಕೊಂಡವ್ರು ಯಾರಾದ್ರೂ ಇದ್ದೀರಾ, ಉಬ್ಬು ಪೂರ್ತಿ ಹೋಯ್ತಾ, ಅಲ್ಲ ಗ್ರಂಥಿ ತೆಗೀಲಿಕ್ಕೆ ಮತ್ತೊಮ್ಮೆ ಆಪರೇಷನ್ ಮಾಡಿಸ್ಬೇಕಾಯ್ತಾ?