ಸಿಹಿ ಪಾಕ ಬಳಿದ ಹಂದಿ ಮಾಂಸ ಸೀಯದಂತೆ ಸುಡುವುದು ಹೇಗೆ?

ಕೋರಿಕೆ: ಮನೆಯ ಐದು ಮಂದಿಗಾಗಿ ಹಂದಿಯ ಭುಜದ ಮಾಂಸವನ್ನು ಜೇನುತುಪ್ಪ, ಸೋಯಾ ಸಾಸ್ ಮತ್ತು ಬೆಳ್ಳುಳ್ಳಿಯ ಪಾಕದಲ್ಲಿ ರಾತ್ರಿಯಿಡೀ ನೆನೆಸಿ, ಮರುದಿನ ಕೆಂಡದ ಮೇಲೆ ಸುಟ್ಟೆ. ಹೊರಗೆಲ್ಲ ಸೀದು ಕಹಿಯಾಯಿತು, ಒಳಗೆ ಹಸಿಯಾಗಿಯೇ ಉಳಿಯಿತು. ಎರಡನೆಯ ಸಲವೂ ಹೀಗೆಯೇ ಆದುದರಿಂದ, ಇದನ್ನು ಮಾಡಿ ಗೆದ್ದವರು ತಮ್ಮ ಅನುಭವವನ್ನು ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ: ಪಾಕದಲ್ಲಿ ನೆನೆಸಿದ್ದೇ ತೊಂದರೆಯ ಮೂಲವೆಂದು ತೋರುತ್ತದೆ. ನಾನೂ ಬಹುಕಾಲ ಹಾಗೆಯೇ ಮಾಡಿ, ಕರಕಲನ್ನು ಚಾಕುವಿನಿಂದ ಕೆರೆದು ಬಡಿಸಿದ್ದುಂಟು. ಸಾಮಾನ್ಯ ಸಕ್ಕರೆ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಂದು ಬಣ್ಣಕ್ಕೆ ತಿರುಗತೊಡಗಿದರೆ, ಜೇನುತುಪ್ಪದಲ್ಲಿ ಹೇರಳವಾಗಿರುವ ಫ್ರಕ್ಟೋಸ್ ಎಂಬ ಸಕ್ಕರೆ ಸುಮಾರು 110 ಡಿಗ್ರಿಗೇ ತಿರುಗುತ್ತದೆ. ನಿಗಿನಿಗಿ ಕೆಂಡದ ಮೇಲಿನ ಜಾಲರಿಯ ಕಾವು ಇವೆರಡನ್ನೂ ಎಷ್ಟೋ ಮೀರಿರುವುದರಿಂದ, ಮಾಂಸ ಬೇಯುವ ಮೊದಲೇ ಸಿಹಿ ಸೀದುಹೋಗುತ್ತದೆ. ಆದುದರಿಂದ ನಾನು ಈಗ ಒಂದು ಕಿಲೋ ಮಾಂಸಕ್ಕೆ ಎಂಟು ಗ್ರಾಂ ಉಪ್ಪು, ಬೆಳ್ಳುಳ್ಳಿ ಮತ್ತು ಕಾಳುಮೆಣಸಿನ ಪುಡಿಯನ್ನಷ್ಟೇ ಸವರಿ ರಾತ್ರಿ ಫ್ರಿಜ್ಜಿನಲ್ಲಿಡುತ್ತೇನೆ. ಪಾಕದಲ್ಲಿ ಸೋಯಾ ಸಾಸ್ ಇರುವುದರಿಂದ ಉಪ್ಪು ಇದಕ್ಕಿಂತ ಹೆಚ್ಚು ಬೇಡ.

ಪಾಕವನ್ನು ಬೇರೆಯಾಗಿಯೇ ಕಾಯಿಸುತ್ತೇನೆ: ನಾಲ್ಕು ದೊಡ್ಡ ಚಮಚ ಜೇನುತುಪ್ಪ, ಮೂರು ಚಮಚ ಸೋಯಾ ಸಾಸ್, ಒಂದು ಚಮಚ ವಿನೆಗರ್, ತುರಿದ ಶುಂಠಿ. ಸಣ್ಣ ಉರಿಯಲ್ಲಿ ಕುದಿಸಿ, ಚಮಚದ ಹಿಂಬದಿಗೆ ಅಂಟಿಕೊಳ್ಳುವ ಹದಕ್ಕೆ ಇಳಿಸಬೇಕು. ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುವುದನ್ನು ಮರೆಯಬಾರದು. ಕೆಂಡವನ್ನೆಲ್ಲ ಒಲೆಯ ಒಂದು ಬದಿಗೆ ಸರಿಸಿ, ಎರಡು ಸೆಂಟಿಮೀಟರ್ ದಪ್ಪದ ತುಂಡುಗಳನ್ನು ಮೊದಲು ಕೆಂಡದ ಮೇಲೆ ಎರಡೂ ಮಗ್ಗುಲು ಬಣ್ಣ ಬರುವಷ್ಟು ಸುಟ್ಟು, ಬಳಿಕ ಕೆಂಡವಿಲ್ಲದ ಬದಿಗೆ ಎಳೆದು ಮುಚ್ಚಳ ಮುಚ್ಚಿ ಬೇಯಿಸುತ್ತೇನೆ. ಬಹುತೇಕ ಬೆಂದ ಮೇಲೆ, ಕೊನೆಯ ಎಂಟು ಹತ್ತು ನಿಮಿಷಗಳಲ್ಲಿ ಮಾತ್ರ, ಕುಂಚದಿಂದ ತೆಳ್ಳಗೆ ಮೂರು ಸಲ ಪಾಕ ಬಳಿಯುತ್ತೇನೆ. ಒಂದು ಪದರ ಅಂಟುವಷ್ಟು ಒಣಗಿದ ಮೇಲೆಯೇ ಮುಂದಿನದು. ಒಮ್ಮೆಗೇ ದಪ್ಪಗೆ ಸುರಿದರೆ ಅದು ಕೆಂಡಕ್ಕೆ ತೊಟ್ಟಿಕ್ಕಿ, ಉರಿ ಎದ್ದು, ಮತ್ತೆ ಹಳೆಯ ಕಥೆಯೇ ಆಗುತ್ತದೆ.

ಎರಡನೆಯ ಉತ್ತರ: ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಬೆಂದಿದೆಯೇ ಎಂಬುದನ್ನು ಬಣ್ಣ ನೋಡಿ ಹೇಳಲಾಗದು, ಏಕೆಂದರೆ ಸೋಯಾ ಸಾಸ್ ಹಸಿ ಮಾಂಸವನ್ನೂ ಬೆಂದಂತೆ ತೋರಿಸುತ್ತದೆ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದನ್ನು ಕೊಳ್ಳಿರಿ. ಇಡೀ ತುಂಡಿನ ನಡುವೆ 63 ಡಿಗ್ರಿ ತಲುಪಿ, ಇಳಿಸಿದ ಮೇಲೆ ಮೂರು ನಿಮಿಷವಾದರೂ ಬಿಟ್ಟರೆ ತಿನ್ನಲು ಸುರಕ್ಷಿತ. ಕೊಚ್ಚಿದ ಮಾಂಸವಾದರೆ 71 ಡಿಗ್ರಿ ಬೇಕು. ಭುಜದ ದೊಡ್ಡ ಗಡ್ಡೆಯನ್ನು ಹಾಗೆಯೇ ಇಡುವುದಾದರೆ ಲೆಕ್ಕ ಬೇರೆ: ಅದರ ನಾರು ಕರಗಿ ಮೆತ್ತಗಾಗಲು 90 ಡಿಗ್ರಿಯ ಆಚೀಚೆ ಹೋಗಬೇಕು, ಅದಕ್ಕೆ ಗಂಟೆಗಟ್ಟಲೆ ಸಣ್ಣ ಕಾವು ಬೇಕು. ಬೆನ್ನಿನ ಕೊಬ್ಬಿಲ್ಲದ ಮಾಂಸವನ್ನು ಅಷ್ಟು ಬೇಯಿಸಿದರೆ ಮಾತ್ರ ಒಣಕಟ್ಟಿಗೆಯಾಗುತ್ತದೆ.

ಮೂರನೆಯ ಉತ್ತರ: ನಮ್ಮ ಮನೆಯಲ್ಲಿ ಕೆಂಡಕ್ಕೆ ಜಾಗವಿಲ್ಲ. ಓವನ್ನಿನಲ್ಲಿ 180 ಡಿಗ್ರಿಗೆ ತಂತಿ ಜಾಲರಿಯ ಮೇಲಿಟ್ಟು ಬೇಯಿಸಿ, ಕೊನೆಯಲ್ಲಿ ಪಾಕ ಬಳಿದು ಮೇಲಿನ ಕಾವಿಗೆ ಕೆಲವೇ ನಿಮಿಷ ಒಡ್ಡುತ್ತೇನೆ. ಆ ನಿಮಿಷಗಳಲ್ಲಿ ಫೋನ್ ಬಂದರೂ ನಾನು ಎತ್ತುವುದಿಲ್ಲ. ಕೆಳಗಿನ ತಟ್ಟೆಗೆ ಒಂದಿಷ್ಟು ನೀರು ಹಾಕಿದರೆ, ತೊಟ್ಟಿಕ್ಕಿದ ಸಿಹಿ ಸೀದು ಹೊಗೆಯೇಳುವುದಿಲ್ಲ. ಮಕ್ಕಳಿಗೆ ಖಾರ ಬೇಡವೆಂದಾದರೆ ಪಾಕವನ್ನು ಎರಡು ಬಟ್ಟಲಿಗೆ ಹಂಚಿ, ಒಂದಕ್ಕೆ ಮಾತ್ರ ಒಣಮೆಣಸಿನ ಪುಡಿ ಬೆರೆಸುವುದು ಸುಲಭ. ಇನ್ನೊಂದು ಮಾತು: ಹಸಿ ಮಾಂಸಕ್ಕೆ ತಾಗಿದ ಕುಂಚವನ್ನಾಗಲಿ, ನೆನೆಸಿ ಉಳಿದ ರಸವನ್ನಾಗಲಿ ಬೆಂದ ಮಾಂಸದ ಮೇಲೆ ಹಾಗೆಯೇ ಬಳಸಬಾರದು, ರಸವನ್ನು ಚೆನ್ನಾಗಿ ಕುದಿಸಬೇಕು, ಕುಂಚವನ್ನು ತೊಳೆಯಬೇಕು ಅಥವಾ ಬದಲಿಸಬೇಕು.

ಕೋರಿದವರಿಂದ: ಎಲ್ಲರಿಗೂ ವಂದನೆಗಳು. ಭಾನುವಾರ ಬರಿಯ ಉಪ್ಪು ಸವರಿಟ್ಟು, ಕೊನೆಯಲ್ಲಿ ಪಾಕ ಬಳಿದೆ. ಒಂದು ತುಂಡಿನ ಅಂಚು ಮಾತ್ರ ಕರಿದಾಯಿತು. ಅದನ್ನೇ ಬೇಕೆಂದು ಇಬ್ಬರು ಮಕ್ಕಳು ಜಗಳವಾಡಿದರು.