ವರ್ಷಕ್ಕೆ 75,000 ರೂಪಾಯಿ ಪ್ರಾಣಿಗಳಿಗೆ ಅಂತ ಇಟ್ಟಿದ್ದೇವೆ, ಎಲ್ಲಿಗೆ ಕೊಟ್ಟರೆ ಹೆಚ್ಚು ಉಪಯೋಗ?

ಹರಿಹರದವ

ಎಲ್ಲರಿಗೂ ನಮಸ್ಕಾರ. ಅಮ್ಮನ ಹೆಸರಲ್ಲಿ ನಾವು ಮೂವರು ಅಣ್ಣತಮ್ಮಂದಿರು ಸೇರಿ ಪ್ರತಿ ವರ್ಷ 75,000 ರೂಪಾಯಿ ಪ್ರಾಣಿಗಳಿಗೆ ಅಂತ ಎತ್ತಿಡಲು ಮಾತಾಡಿಕೊಂಡಿದ್ದೇವೆ. ಯಾರಿಗೆ ಕೊಡುವುದು ಅನ್ನುವುದು ಮಾತ್ರ ಬಗೆಹರಿಯುತ್ತಿಲ್ಲ. ಅಣ್ಣ ಗೋಶಾಲೆಗೇ ಕೊಡೋಣ ಅನ್ನುತ್ತಾನೆ. ಸರ್ಕಾರದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಒಂದು ಹಸುವಿಗೆ ವರ್ಷಕ್ಕೆ 11,000, ಅಂದರೆ ಆರು ಹಸು ಆಯಿತು ಅಂತ ಅವನ ಲೆಕ್ಕ. ತಮ್ಮ ಬೆಂಗಳೂರಿನಲ್ಲಿದ್ದಾನೆ, ಬೀದಿನಾಯಿಗಳ ಶೆಲ್ಟರ್‌ಗೆ ಕೊಡಬೇಕು ಅಂತ ಹಟ ಹಿಡಿದಿದ್ದಾನೆ. ನನಗೆ ಎರಡೂ ಬೇಡ ಅಂತಲ್ಲ. ಅಷ್ಟೇ ದುಡ್ಡಲ್ಲಿ ಜಾಸ್ತಿ ಪ್ರಾಣಿಗಳ ನೋವು ಎಲ್ಲಿ ತಪ್ಪುತ್ತದೆ ಅಂತ ಯಾರಾದರೂ ಕೂತು ಯೋಚಿಸಿದ್ದೀರಾ? "ಮನಸ್ಸಿಗೆ ಬಂದ ಕಡೆ ಕೊಡಿ" ಅಂತ ದಯವಿಟ್ಟು ಹೇಳಬೇಡಿ. ತೆರಿಗೆ ವಿನಾಯಿತಿಗೆ 80ಜಿ ರಸೀದಿ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ನಡೆಯುತ್ತದೆ.

ಕೋಲಾರದ ಹೈನುಗಾರ್ತಿ

ಅಣ್ಣನವರ ಮನಸ್ಸು ದೊಡ್ಡದು ಸರ್, ಆದರೆ 11,000 ಅಂದರೆ ದಿನಕ್ಕೆ ಮೂವತ್ತು ರೂಪಾಯಿ. ಒಣಹುಲ್ಲು, ಹಸಿಮೇವು, ಬೂಸಾ, ಹಿಂಡಿ ಅಂತ ದಿನಾ ಹಾಕುವವರಿಗೆ ಗೊತ್ತು, ಮೂವತ್ತು ರೂಪಾಯಿಯಲ್ಲಿ ಸೀಮೆಹಸುವಿನ ಅರ್ಧ ಹೊಟ್ಟೆಯೂ ತುಂಬುವುದಿಲ್ಲ. ಉಳಿದದ್ದು ಬೇರೆ ಯಾರೋ ಕೊಡಬೇಕು, ಕೊಡದಿದ್ದರೆ ದನ ಸೊರಗುತ್ತವೆ.

ಅದಕ್ಕಿಂತ ಮುಖ್ಯ ಅಂದರೆ ಗೋಶಾಲೆಗೆ ಯಾವ ದನ ಬರುತ್ತಿವೆ ನೋಡಿ. ನಮ್ಮ ಕಡೆ ಬರೋದು ಗೊಡ್ಡು ಬಿದ್ದ ಹಸು, ಸೀಮೆಹಸುವಿನ ಗಂಡುಕರು. ಆ ಕರುವಿಗೆ ಹಿಣಿಲಿಲ್ಲ, ಹೆಗಲ ಮೇಲೆ ನೊಗ ನಿಲ್ಲುವುದಿಲ್ಲ, ಬಿಸಿಲಲ್ಲಿ ಏದುಸಿರು ಬಿಡುತ್ತದೆ, ಹಾಗಾಗಿ ಉಳುಮೆಗೆ ಬೇಡ. 2020ರ ಗೋಹತ್ಯೆ ತಡೆ ಕಾಯ್ದೆ ಬಂದ ಮೇಲೆ ಮಾರುವ ದಾರಿಯೂ ಇಲ್ಲ. ಗಿಣ್ಣುಹಾಲು ಮುಗಿದ ಮೇಲೆ ಅದನ್ನು ತಾಯಿಯಿಂದ ದೂರ ಕಟ್ಟುತ್ತಾರೆ, ದಿನದಿಂದ ದಿನಕ್ಕೆ ಹಾಲು ಕಮ್ಮಿ ಮಾಡುತ್ತಾರೆ, ಪಕ್ಕೆಲುಬು ಎಣಿಸುವ ಹಾಗಾಗುತ್ತದೆ, ಕಣ್ಣು ಒಳಗೆ ಹೋಗುತ್ತದೆ. ಆಮೇಲೆ ಒಂದು ರಾತ್ರಿ ರಸ್ತೆ ಬದಿ ಬಿಟ್ಟು ಬರುತ್ತಾರೆ. ರೈತರು ಕಟುಕರಲ್ಲ ಸರ್, ಎರಡು ಹಸುವಿನ ಮನೆಗೆ ಹಾಲು ಕೊಡದ ಬಾಯಿ ಸಾಕುವುದು ಆಗುವುದಿಲ್ಲ.

ಈಗ ಹೆಣ್ಣುಕರುವೇ ಹುಟ್ಟುವ ಹಾಗೆ ಬೇರ್ಪಡಿಸಿದ ಸೆಮೆನ್ (ಹೋರಿಯ ವೀರ್ಯ) ಸಿಗುತ್ತದೆ, ನೂರಕ್ಕೆ ತೊಂಬತ್ತರಷ್ಟು ಹೆಣ್ಣೇ. ಮಾಮೂಲಿಗಿಂತ ರೇಟು ಜಾಸ್ತಿ, ಮೊದಲ ಸಲಕ್ಕೇ ಗಬ್ಬ ನಿಲ್ಲುವುದೂ ಸ್ವಲ್ಪ ಕಡಿಮೆ, ಅದಕ್ಕೇ ನಮ್ಮ ಜನ ಹಿಂದೇಟು ಹಾಕುತ್ತಾರೆ. ನಿಮ್ಮ ದುಡ್ಡಲ್ಲಿ ಒಂದು ಹಾಲಿನ ಡೈರಿಯ ಸದಸ್ಯರಿಗೆ ಎರಡನೇ ಡೋಸ್ ಉಚಿತ ಅಂತ ಮಾಡಿ ನೋಡಿ. ಹಸಿವಿನಲ್ಲಿ ಸಾಯಬೇಕಾದ ಕರು ಹುಟ್ಟುವುದೇ ಇಲ್ಲ.

ಊರೂರು ಡಾಕ್ಟ್ರು

ತಮ್ಮನವರಿಗೆ ನನ್ನ ಉತ್ತರ. ನಾನು ಪಶುವೈದ್ಯ, ನಾಯಿಗಳ ಆಪರೇಷನ್ ಕ್ಯಾಂಪ್‌ಗಳಲ್ಲಿ ಕೆಲಸ ಮಾಡಿದ್ದೇನೆ. ಶೆಲ್ಟರ್ ಕಟ್ಟಲು ದುಡ್ಡು ಕೊಡಬೇಡಿ. ಗಾಯ ಆದ ನಾಯಿಗೆ, ಕುರುಡು ನಾಯಿಗೆ ಶೆಲ್ಟರ್ ಬೇಕೇ ಬೇಕು, ಆದರೆ ಚೆನ್ನಾಗಿರುವ ನಾಯಿಗಳನ್ನು ತಂದು ತುಂಬಿದರೆ ಒಂದಕ್ಕೆ ಡಿಸ್ಟೆಂಪರ್ ಅನ್ನುವ ಅಂಟುರೋಗ ಬಂದು ಸಾಲಾಗಿ ಸಾಯುತ್ತವೆ. ಖರ್ಚು ಆ ನಾಯಿ ಬದುಕಿರುವಷ್ಟು ದಿನವೂ ಇರುತ್ತದೆ.

ಸಂತಾನಹರಣ ಮತ್ತು ರೇಬಿಸ್ ಲಸಿಕೆ ಹಾಗಲ್ಲ, ಒಂದು ಸಲದ ಆಪರೇಷನ್ ಖರ್ಚು, ಆಮೇಲೆ ವರ್ಷಕ್ಕೊಂದು ಚುಚ್ಚುಮದ್ದು. ಬೆಂಗಳೂರಿನಲ್ಲಿ 2019ರ ಸಮೀಕ್ಷೆಯಲ್ಲಿ 3.10 ಲಕ್ಷ ಬೀದಿನಾಯಿ ಇದ್ದವು, 2023ರಲ್ಲಿ 2.79 ಲಕ್ಷ. ಅದೇ ಹೊತ್ತಲ್ಲಿ ಆಪರೇಷನ್ ಆದ ನಾಯಿಗಳ ಪಾಲು ನೂರಕ್ಕೆ 51ರಿಂದ 72ರ ಹತ್ತಿರ ಹೋಯಿತು. ಗೋವಾದಲ್ಲಿ ಮಿಷನ್ ರೇಬಿಸ್ ಅನ್ನುವ ಸಂಸ್ಥೆಯವರು ಸರ್ಕಾರದ ಜೊತೆ ಸೇರಿ ವರ್ಷವರ್ಷ ಊರೂರಿಗೆ ಬಲೆ ಹಿಡಿದುಕೊಂಡು ಹೋಗಿ ಲಸಿಕೆ ಹಾಕಿದರು, 2021ರಲ್ಲಿ ಆ ರಾಜ್ಯವನ್ನು ರೇಬಿಸ್ ನಿಯಂತ್ರಿತ ಪ್ರದೇಶ ಅಂತ ಘೋಷಿಸಿದರು. ನಾಯಿಯೂ ಉಳಿಯಿತು, ಮಕ್ಕಳೂ ಉಳಿದರು.

ದುಡ್ಡು ಚೂರುಚೂರಾಗಿ ಹಂಚಬೇಡಿ. ಒಂದು ಬಡಾವಣೆ ಹಿಡಿದು ಅಲ್ಲಿ ನೂರಕ್ಕೆ ಎಪ್ಪತ್ತಾದರೂ ಮುಗಿಸಿ. ಇಲ್ಲದಿದ್ದರೆ ಬಿಟ್ಟ ಹೆಣ್ಣುನಾಯಿಗಳೇ ಮತ್ತೆ ಬೀದಿ ತುಂಬಿಸುತ್ತವೆ. ಕೊಡುವ ಮುಂಚೆ ಎರಡು ವಿಷಯ ಕೇಳಿ. ಆಪರೇಷನ್ ಆದ ಮೇಲೆ ಕನಿಷ್ಠ ನಾಲ್ಕು ದಿನ ಇಟ್ಟುಕೊಳ್ಳುತ್ತೀರಾ? ಹಿಡಿದ ಜಾಗಕ್ಕೇ ತಂದು ಬಿಡುತ್ತೀರಾ? ಕಿವಿಯಲ್ಲಿ ವಿ ಆಕಾರದ ಗುರುತು ಹಾಕಿದ್ದು, ಹೊಲಿಗೆ ಒಣಗಿದ್ದು ನೀವೇ ಹೋಗಿ ನೋಡಿ. ಈ ಪ್ರಶ್ನೆಗೆ ಮುಖ ಸಿಂಡರಿಸುವವರಿಗೆ ಒಂದು ರೂಪಾಯಿಯೂ ಬೇಡ.

ಲೆಕ್ಕ ಕೇಳುವವಳು

ಇಬ್ಬರೂ ಹೇಳಿದ್ದು ಸರಿ. ಆದರೆ ಕೇಳಿದ ಪ್ರಶ್ನೆ "ಜಾಸ್ತಿ ಪ್ರಾಣಿಗಳ ನೋವು" ಅಂತ ಅಲ್ವಾ? ಹಾಗಾದರೆ ಕೋಳಿಯ ಮಾತು ಬರಲೇಬೇಕು. 2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಬೀದಿನಾಯಿ 1.53 ಕೋಟಿ, ಬಿಡಾಡಿ ದನ 50 ಲಕ್ಷ, ಕೋಳಿ ಮತ್ತಿತರ ಸಾಕುಹಕ್ಕಿ 85 ಕೋಟಿ. ದಾನ ಹೋಗುವುದು ಮೊದಲ ಎರಡಕ್ಕೆ. ಕೋಳಿಗೆ ಅಂತ ಯಾರೂ ಹುಂಡಿ ಇಟ್ಟಿದ್ದನ್ನು ನಾನು ನೋಡಿಲ್ಲ.

ಮೊಟ್ಟೆ ಫಾರಂ ಒಳಗೆ ಹೋಗಿದ್ದೀರಾ? ಉದ್ದಕ್ಕೂ ತಂತಿಗೂಡು, ಒಂದರ ಮೇಲೊಂದು. ಮೊಟ್ಟೆ ತಾನಾಗಿ ಉರುಳಿ ಮುಂದೆ ಬರಲಿ ಅಂತ ಗೂಡಿನ ತಳ ಇಳಿಜಾರು. ಕೋಳಿ ಹಗಲೂ ರಾತ್ರಿ ಆ ಇಳಿಜಾರು ತಂತಿಯ ಮೇಲೇ ನಿಲ್ಲಬೇಕು, ಪಾದ ಬಿರಿಯುತ್ತದೆ, ಕೆರೆಯಲು ಮಣ್ಣಿಲ್ಲ, ಉಗುರು ಸವೆಯದೆ ಬೆಳೆಯುತ್ತದೆ. ಪಕ್ಕದ ಕೋಳಿಯನ್ನು ಕುಕ್ಕದಿರಲಿ ಅಂತ ಮರಿಯಾಗಿದ್ದಾಗಲೇ ಕಾದ ಬ್ಲೇಡಿನಲ್ಲಿ ಕೊಕ್ಕು ಕತ್ತರಿಸಿರುತ್ತಾರೆ. ಒಂದು ಕೋಳಿಗೆ ಸಿಗುತ್ತಿದ್ದ ಜಾಗ 450 ಚದರ ಸೆಂಟಿಮೀಟರ್ ಆಸುಪಾಸು, ಎ4 ಹಾಳೆಯೇ 624 ಇದೆ. ರೆಕ್ಕೆ ಬಿಚ್ಚುವ ಮಾತೇ ಇಲ್ಲ. 2023ರಲ್ಲಿ ಕೇಂದ್ರದ ನಿಯಮ ಬಂದು 550ಕ್ಕೆ ಏರಿಸಿದರು, ಅದೂ ಹಾಳೆಗಿಂತ ಚಿಕ್ಕದೇ. ಅಲುಗಾಡಲು ಜಾಗ ಇಲ್ಲದ ಗೂಡಲ್ಲಿ ಪ್ರಾಣಿ ಇಡುವುದು ಕ್ರೌರ್ಯ ಅಂತ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲೇ ಇದೆ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ! ಇವತ್ತಿಗೂ ಅಷ್ಟೇ.

ಇಲ್ಲಿ ಒಂದೊಂದು ಕೋಳಿಯನ್ನು ಬಿಡಿಸಿ ಸಾಕುವುದರಿಂದ ಏನೂ ಆಗುವುದಿಲ್ಲ. ಕಾನೂನು ಬದಲಿಸುವ, ಕೋರ್ಟಿಗೆ ಹೋಗುವ, ದೊಡ್ಡ ಹೋಟೆಲ್ ಮತ್ತು ಬೇಕರಿ ಕಂಪನಿಗಳಿಂದ ಗೂಡಿಲ್ಲದ ಮೊಟ್ಟೆಯನ್ನೇ ಕೊಳ್ಳುತ್ತೇವೆ ಅಂತ ಬರೆಸಿಕೊಳ್ಳುವ ಕೆಲಸಕ್ಕೆ ದುಡ್ಡು ಬೇಕು. ಯುರೋಪ್ ಒಕ್ಕೂಟದಲ್ಲಿ ಒಳಗೆ ಬೇರೇನೂ ಇಲ್ಲದ ಬರೀ ತಂತಿಗೂಡು 2012ರಿಂದ ನಿಂತಿದೆ, ಅದು ಇಂಥ ಕೆಲಸದಿಂದಲೇ. ಫಿಯಾಪೊ ಥರದ ಪ್ರಾಣಿ ರಕ್ಷಣಾ ಸಂಸ್ಥೆಗಳ ಒಕ್ಕೂಟಗಳು ನಮ್ಮಲ್ಲೂ ಇವೆ. ಫೋಟೋ ಬರುವುದಿಲ್ಲ, ದತ್ತು ಪ್ರಮಾಣಪತ್ರ ಬರುವುದಿಲ್ಲ. ನನ್ನ ದುಡ್ಡು ಹೋಗುವುದು ಅಲ್ಲಿಗೇ.

ಮೇಷ್ಟ್ರು, ಯಾದಗಿರಿ ಕಡೆ

ಲೆಕ್ಕ ಕೇಳುವವರೇ, ನನ್ನದೊಂದು ಆತಂಕ. ನಮ್ಮ ಶಾಲೆಯಲ್ಲಿ ಈಗ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತೇವೆ, 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಸೇರಿದ ಮೇಲೆ. ಕೆಲವು ಮಕ್ಕಳು ತಟ್ಟೆಯಲ್ಲಿ ಮೊದಲು ಮೊಟ್ಟೆಯನ್ನೇ ಹುಡುಕುತ್ತಾರೆ. ಮೊಟ್ಟೆ ಅಗ್ಗ ಇರುವುದು ಆ ಗೂಡುಗಳಿಂದಲೇ ಅಲ್ವಾ? ಬೆಲೆ ಏರಿದರೆ ಮೊದಲು ತಪ್ಪುವುದು ಇವರ ತಟ್ಟೆಯಿಂದ.

ಲೆಕ್ಕ ಕೇಳುವವಳು

ಮೇಷ್ಟ್ರೇ, ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ. ಬೆಲೆ ಸ್ವಲ್ಪ ಏರುವುದು ನಿಜ. ಅದಕ್ಕೇ ಶುರು ಮಾಡಬೇಕಾದ್ದು ಸ್ಟಾರ್ ಹೋಟೆಲ್, ಕೇಕ್ ಕಂಪನಿಗಳಿಂದ, ಅವರಿಗೆ ಮೊಟ್ಟೆಗೆ ಒಂದೆರಡು ರೂಪಾಯಿ ಜಾಸ್ತಿ ಆದರೆ ತಡೆಯುತ್ತದೆ. ಸರ್ಕಾರಿ ಶಾಲೆ ಕೊನೆಗೆ ಬರಲಿ, ಬಂದಾಗ ಅನುದಾನವೂ ಅಷ್ಟು ಏರಲಿ. ಮಕ್ಕಳ ಮೊಟ್ಟೆ ಕಿತ್ತುಕೊಳ್ಳಿ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಸಿಂಧನೂರಿನವ

ಮೀನನ್ನು ಎಲ್ಲರೂ ಮರೆತಿರಿ. ಕಾಟ್ಲಾ, ರೋಹು ಸಾಕುವ ಹೊಂಡದಲ್ಲಿ ಬೆಳಗಿನ ಜಾವ ನೀರಲ್ಲಿ ಆಮ್ಲಜನಕ ತೀರಾ ಇಳಿಯುತ್ತದೆ, ಮೀನೆಲ್ಲ ಮೇಲೆ ಬಂದು ಬಾಯಿ ತೆರೆದು ಒದ್ದಾಡುತ್ತವೆ. ಪಕ್ಕದ ಆಂಧ್ರದಲ್ಲಿ ಫಿಶ್ ವೆಲ್ಫೇರ್ ಇನಿಶಿಯೇಟಿವ್ ಅನ್ನುವವರು ರೈತರ ಹೊಂಡಕ್ಕೇ ಹೋಗಿ ನೀರು ಪರೀಕ್ಷೆ ಮಾಡಿ, ಕೆಟ್ಟಿದ್ದರೆ ಏನು ಮಾಡಬೇಕು ಅಂತ ಹೇಳಿಕೊಡುತ್ತಾರೆ. ರೈತನಿಗೂ ನಷ್ಟ ತಪ್ಪುತ್ತದೆ. ಇಂಥದ್ದನ್ನೂ ಒಮ್ಮೆ ನೋಡಿ.

ಇನ್ನೊಂದು, ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ 80ಜಿ ವಿನಾಯಿತಿ ಇಲ್ಲ. ಹಳೆಯದರಲ್ಲಿದ್ದರೂ 2,000ಕ್ಕಿಂತ ಜಾಸ್ತಿ ನಗದಾಗಿ ಕೊಟ್ಟರೆ ಸಿಗುವುದಿಲ್ಲ. ಬ್ಯಾಂಕಿನಿಂದಲೇ ಕಳಿಸಿ.

ಹರಿಹರದವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಮೂವರೂ ಫೋನಲ್ಲಿ ಕೂತು ಇದನ್ನೆಲ್ಲ ಓದಿದೆವು. 35,000 ಕೋಳಿಗಳ ಕಾನೂನು ಕೆಲಸಕ್ಕೆ. ಅದು ನನ್ನ ಹಟ, ಮೇಷ್ಟ್ರು ಹೇಳಿದ್ದನ್ನು ಆ ಸಂಸ್ಥೆಯವರಿಗೂ ಬರೆದು ಕೇಳುತ್ತೇನೆ. 25,000 ನಮ್ಮ ಬಡಾವಣೆಯ ನಾಯಿಗಳಿಗೆ, ತಮ್ಮ ಒಪ್ಪಿದ್ದಾನೆ. ಉಳಿದ 15,000 ಅಣ್ಣನದು. ಅವನಿಗೆ ಗೋಶಾಲೆ ಬಿಡಲು ಮನಸ್ಸಿಲ್ಲ, ಆದರೆ ಹೆಣ್ಣುಕರುವಿನ ವಿಷಯ ಓದಿ ಸುಮ್ಮನಾದ. ಕೋಲಾರದ ಅಕ್ಕ, ನಿಮ್ಮ ಡೈರಿಯಲ್ಲಿ ಆ ಸೆಮೆನ್ ಒಂದು ಡೋಸ್‌ಗೆ ಎಷ್ಟು ತಗೊಳ್ಳುತ್ತಾರೆ, ಯಾರನ್ನು ಕೇಳಬೇಕು ಅಂತ ತಿಳಿಸಿದರೆ ಅವನಿಗೆ ಲೆಕ್ಕ ತೋರಿಸುತ್ತೇನೆ.