ಹೋಲ್ಟರ್ ರಿಪೋರ್ಟ್‌ನಲ್ಲಿ ಸಾವಿರಾರು ಎಕ್ಟೋಪಿಕ್: ಎಷ್ಟು ಹೆದರಬೇಕು?

ಪ್ರಶ್ನೆ: ಕೆಲವು ತಿಂಗಳಿಂದ ಎದೆ ಆಗಾಗ ಧಸಕ್ಕೆನ್ನುತ್ತದೆ. ಒಂದು ಬಡಿತ ತಪ್ಪಿ ಮುಂದಿನದು ಜೋರಾಗಿ ಬಡಿದ ಹಾಗೆ. ಇಸಿಜಿ ನಾರ್ಮಲ್ ಬಂತು. ಆಮೇಲೆ 24 ಗಂಟೆ ಹೋಲ್ಟರ್ (ಮೈಮೇಲೆ ಹಾಕಿಕೊಂಡು ಬಡಿತ ದಾಖಲಿಸುವ ಸಾಧನ) ಹಾಕಿದರು. 2,300 ವೆಂಟ್ರಿಕ್ಯುಲರ್ ಎಕ್ಟೋಪಿಕ್ (ಹೃದಯದ ಕೆಳಗಿನ ಕೋಣೆಯಿಂದ ಹೊತ್ತಿಗೆ ಮುಂಚೆ ಬರುವ ಬಡಿತ) ಎಂದು ಬಂದಿದೆ. ಡಾಕ್ಟರ್ ಸಿಗುವುದು ಮುಂದಿನ ವಾರ. ಭಯದಿಂದ ನಿದ್ದೆ ಬರುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ನನಗೂ ಇದೇ ತೊಂದರೆ ವರ್ಷಗಳಿಂದ ಇದೆ, ನಿಮ್ಮ ಭಯ ಅರ್ಥವಾಗುತ್ತದೆ. ಮೊದಲು ಆ ಸಂಖ್ಯೆ ನೋಡೋಣ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅದರಲ್ಲಿ 2,300 ಅಂದರೆ ಶೇ. 2ರ ಆಸುಪಾಸು. ರಿಪೋರ್ಟಿನಲ್ಲಿ ‘ಬರ್ಡನ್’ ಎಂದು ಇರುವುದು ಈ ಶೇಕಡಾ ಲೆಕ್ಕವೇ. ಸಾಮಾನ್ಯವಾಗಿ ಶೇ. 10 ದಾಟಿದರೆ ಡಾಕ್ಟರು ಹೆಚ್ಚು ಗಮನ ಕೊಡುತ್ತಾರೆ. ಶೇ. 20ರ ಮೇಲೆ ಬಹಳ ಕಾಲ ಇದ್ದರೆ ಹೃದಯದ ಪಂಪ್ ಮಾಡುವ ಶಕ್ತಿ ಕುಗ್ಗಬಹುದು. ಎಲ್ಲರಿಗೂ ಹಾಗಾಗುತ್ತದೆ ಅಂತಲ್ಲ.

ಆದರೆ ಸಂಖ್ಯೆ ಒಂದರಿಂದಲೇ ಅಪಾಯ ಅಳೆಯಲು ಬರುವುದಿಲ್ಲ. ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸಿದ್ದೀರಾ? ಅದರಲ್ಲಿ ಎಲ್ಲ ಸರಿ ಇದ್ದರೆ, ಇಷ್ಟು ಎಕ್ಟೋಪಿಕ್‌ನಿಂದ ಬಹುತೇಕರಿಗೆ ಅಪಾಯವಿಲ್ಲ. ಹಿಂದೆ ಹಾರ್ಟ್ ಅಟ್ಯಾಕ್ ಆಗಿದ್ದವರಿಗೆ ಇದಕ್ಕಿಂತ ಕಡಿಮೆ ಬಂದರೂ ಲೆಕ್ಕಾಚಾರ ಬೇರೆ.

ಅವು ಒಂಟಿಯಾಗಿ ಬಂದಿವೆಯೋ ಸಾಲಾಗಿಯೋ ನೋಡಿ. ಮೂರು ಅಥವಾ ಜಾಸ್ತಿ ಒಂದರ ಹಿಂದೆ ಒಂದು ವೇಗವಾಗಿ ಬಂದರೆ ‘ವಿ.ಟಿ.’ (ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ) ಎಂದು ಬರೆದಿರುತ್ತಾರೆ. 30 ಸೆಕೆಂಡಿನೊಳಗೆ ತಾನಾಗಿ ನಿಂತರೆ ‘ನಾನ್ ಸಸ್ಟೇನ್ಡ್’. ಯಾವುದೇ ಥರದ ವಿ.ಟಿ. ಎಂದು ಇದ್ದರೆ ಮುಂದಿನ ವಾರದ ತನಕ ಕಾಯಬೇಡಿ, ಇವತ್ತೇ ಫೋನ್ ಮಾಡಿ. ಓಡುವಾಗಲೋ ಭಾರ ಎತ್ತುವಾಗಲೋ ಪ್ರಜ್ಞೆ ತಪ್ಪಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ದಿಢೀರನೆ ತೀರಿಕೊಂಡಿದ್ದರೆ ಕೂಡ ಹಾಗೇ ಮಾಡಿ. ಎಷ್ಟೋ ಜನ ಇದನ್ನು ಡಾಕ್ಟರ್ ಕೇಳುವ ತನಕ ಹೇಳುವುದೇ ಇಲ್ಲ. ನೀವಾಗಿಯೇ ಹೇಳಿ. ಥೈರಾಯ್ಡ್, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಬೇಕೇ ಅಂತಲೂ ಕೇಳಿ.

ಉತ್ತರ: ಹೋಲ್ಟರ್ ಹಾಕುವುದು ನನ್ನ ಕೆಲಸ. ನಾನು ಎಲ್ಲರಿಗೂ ಒತ್ತಿ ಹೇಳುವುದು ಡೈರಿ ಬಗ್ಗೆ. ಎದೆ ಧಸಕ್ಕೆಂದ ಹೊತ್ತು, ಆಗ ಏನು ಮಾಡುತ್ತಿದ್ದಿರಿ ಎಂಬುದನ್ನು ಬರೆದುಕೊಂಡರೆ ಮಾತ್ರ ಆ ಗಳಿಗೆಯ ಇಸಿಜಿ ಗೆರೆಯ ಜೊತೆ ತಾಳೆ ನೋಡಲು ಆಗುತ್ತದೆ. ಆಗ ಲಯ ಸರಿಯಾಗಿಯೇ ಇತ್ತು ಎಂದು ತಿಳಿದರೂ ಅದು ದೊಡ್ಡ ಉತ್ತರ, ಅಲ್ವಾ?

ಎದೆಗೆ ಅಂಟಿಸುವ ಎಲೆಕ್ಟ್ರೋಡ್ ಸಡಿಲವಾಗಿದ್ದರೆ ಹಲ್ಲುಜ್ಜುವಾಗಿನ ಅಲುಗಾಟವೂ ವಿ.ಟಿ. ಥರವೇ ಕಾಣಬಹುದು. ಅದಕ್ಕೇ ಸಾಫ್ಟ್‌ವೇರ್ ಎಣಿಸಿದ್ದನ್ನು ತಿಳಿದವರು ಕೂತು ನೋಡಬೇಕು. ಮತ್ತೆ ಹಾಕಿಸುವುದಾದರೆ ಎದೆಗೆ ಎಣ್ಣೆ, ಕ್ರೀಮ್ ಹಚ್ಚಬೇಡಿ. ನಿದ್ದೆಯಲ್ಲಿ ಬಡಿತ 40ರ ಹತ್ತಿರ ಇಳಿದದ್ದು ಕಂಡು ಸುಮ್ನೆ ಗಾಬರಿಯಾಗುವವರು ತುಂಬಾ ಜನ. ಆರೋಗ್ಯವಂತರಲ್ಲೂ ಹಾಗೆ ಇಳಿಯುತ್ತದೆ. ಹಗಲು ಎಚ್ಚರವಿದ್ದಾಗ 3 ಸೆಕೆಂಡಿಗಿಂತ ಜಾಸ್ತಿ ಹೊತ್ತು ಬಡಿತ ನಿಂತಿದ್ದರೆ ಅದು ಬೇರೆ ವಿಷಯ, ಡಾಕ್ಟರಿಗೆ ತೋರಿಸಲೇಬೇಕು.

ಉತ್ತರ: ನಮ್ಮ ತಂದೆಗೆ 24 ಗಂಟೆಯ ಹೋಲ್ಟರ್‌ನಲ್ಲಿ ಏನೂ ಸಿಗಲಿಲ್ಲ. ಅವರಿಗೆ ತೊಂದರೆ ಬರುತ್ತಿದ್ದದ್ದು ಯಾವಾಗಲೋ ಒಮ್ಮೆ. 14 ದಿನದ ಪ್ಯಾಚ್ ಅಂಟಿಸಿದಾಗ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವುದು) ಸಿಕ್ಕಿತು. ಅದು ಎಕ್ಟೋಪಿಕ್ ಅಲ್ಲ. ಅದರಲ್ಲಿ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಸ್ಟ್ರೋಕ್ ಆಗುವ ಭಯ. ರಕ್ತ ತೆಳು ಮಾಡುವ ಮಾತ್ರೆ ಬೇಕೇ ಎಂದು ತೀರ್ಮಾನಿಸಲು ಅವರ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಸ್ಟ್ರೋಕ್ ಆಗಿತ್ತೇ ಎಂಬುದನ್ನೆಲ್ಲ ನೋಡಿದರು. ಇನ್ನೂ ಅಪರೂಪಕ್ಕೆ ಬರುವ ತೊಂದರೆಗೆ ಚರ್ಮದ ಕೆಳಗೆ ಇಡುವ ಲೂಪ್ ರೆಕಾರ್ಡರ್ ಇದೆ. ಮಾಮೂಲಿ ಇಸಿಜಿ ಹಿಡಿಯುವುದು ಬರೀ 10 ಸೆಕೆಂಡಿನ ಬಡಿತ. ನಿಮ್ಮದರಲ್ಲಿ ಎಕ್ಟೋಪಿಕ್ ಕಾಣದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಉತ್ತರ: ಇಸಿಜಿ ತೆಗೆಯುವ ಸ್ಮಾರ್ಟ್‌ವಾಚ್ ಇದ್ದರೆ ಎದೆ ಧಸಕ್ಕೆಂದಾಗ 30 ಸೆಕೆಂಡು ರೆಕಾರ್ಡ್ ಮಾಡಿ, ಪಿಡಿಎಫ್ ಉಳಿಸಿ ಡಾಕ್ಟರಿಗೆ ತೋರಿಸಿ. ನನ್ನ ಡಾಕ್ಟರಿಗೆ ಅದು ಉಪಯೋಗಕ್ಕೆ ಬಂತು. ಆದರೆ ಅದು ಒಂದೇ ಲೀಡ್, ಅಂದರೆ ಹೃದಯವನ್ನು ಒಂದೇ ಕೋನದಿಂದ ನೋಡುತ್ತದೆ, ಹಾರ್ಟ್ ಅಟ್ಯಾಕ್ ಹಿಡಿಯುವುದಿಲ್ಲ. ಎದೆನೋವು, ಉಸಿರಾಟದ ಕಷ್ಟ, ಕಣ್ಣು ಕತ್ತಲೆ ಬಂದ ಹಾಗೆ ಆದರೆ ವಾಚ್ ನೋಡುತ್ತಾ ಕೂರಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.